ಒಳಗಿವಿ ಸಂಶೋಧನೆಗೆ ಹಣ ಹಾಕುವ ಮೊದಲು

ಇಬ್ಬರ ಆಡಿಯೋಗ್ರಾಂ, ಅಂದರೆ ಎಷ್ಟು ಸಣ್ಣ ಸದ್ದು ಕೇಳಿಸುತ್ತದೆ ಅಂತ ತೋರಿಸುವ ಕಿವಿ ಪರೀಕ್ಷೆಯ ನಕ್ಷೆ, ಪಕ್ಕಪಕ್ಕ ಇಟ್ಟರೆ ಎರಡೂ ಒಂದೇ ಥರ ಇರುತ್ತವೆ. ಆದರೂ ಒಬ್ಬರಿಗೆ ಶ್ರವಣ ಸಾಧನ ಹಾಕಿದ ಕೂಡಲೇ ಮಾತು ತಿಳಿಯುತ್ತದೆ. ಇನ್ನೊಬ್ಬರು, "ಸದ್ದು ಕೇಳಿಸುತ್ತೆ ಡಾಕ್ಟ್ರೇ, ಏನು ಹೇಳ್ತಿದಾರೆ ಅಂತ ಗೊತ್ತಾಗಲ್ಲ" ಅನ್ನುತ್ತಾರೆ. ಕಿವಿ ನೋಡುವ ವೈದ್ಯರಿಗೆ ಇದು ದಿನಾ ಎದುರಾಗುವ ಸಂಗತಿ. ಇಬ್ಬರ ಒಳಗಿವಿಯಲ್ಲೂ ಕೆಟ್ಟಿರುವುದು ಬೇರೆ ಬೇರೆ ಇರಬಹುದು. ಯಾವ ಭಾಗ ಎಷ್ಟು ಕೆಟ್ಟಿದೆ ಅಂತ ಖಚಿತವಾಗಿ ತೋರಿಸುವ ಪರೀಕ್ಷೆ ನಮ್ಮ ಕೈಯಲ್ಲಿಲ್ಲ. ಕಿವುಡುತನದ ಸಂಶೋಧನೆಗೆ ಹಣ ಕೊಡುವವರು ಎಲ್ಲಕ್ಕಿಂತ ಮೊದಲು ಇದನ್ನು ತಿಳಿಯಬೇಕು ಅನ್ನುವುದು ನನ್ನ ಆಸೆ.

ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಭಾಗ ಕಾಕ್ಲಿಯಾ. ಬಸವನಹುಳುವಿನ ಚಿಪ್ಪಿನ ಹಾಗೆ ಸುರುಳಿ ಸುತ್ತಿಕೊಂಡು, ತಲೆಬುರುಡೆಯ ತುಂಬಾ ಗಟ್ಟಿಯಾದ ಮೂಳೆಯೊಳಗೆ ಹುದುಗಿರುತ್ತದೆ. ಸುರುಳಿ ಬಿಚ್ಚಿದರೆ ಸುಮಾರು 35 ಮಿಲಿಮೀಟರ್ ಉದ್ದ, ಅಷ್ಟೇ. ಹುಟ್ಟುವಾಗ ಒಂದೊಂದು ಕಿವಿಯಲ್ಲೂ ಸದ್ದು ಹಿಡಿಯುವ ಹೆಚ್ಚುಕಡಿಮೆ 15,000 ಕೋಶಗಳು, ಅಂದರೆ ಹೇರ್ ಸೆಲ್‌ಗಳಿರುತ್ತವೆ. ಕಣ್ಣಿನಲ್ಲಿ ಬೆಳಕು ಹಿಡಿಯುವ ಕೋಶಗಳು ಕೋಟಿಗಟ್ಟಲೆ ಇರುತ್ತವೆ, ಕಿವಿಗೆ ಇಷ್ಟೇ. ಅದರಲ್ಲೂ ಮಿದುಳಿಗೆ ಸುದ್ದಿ ಮುಟ್ಟಿಸುವವು ಸುಮಾರು 3,500 ಮಾತ್ರ. ಉಳಿದವು ಸದ್ದನ್ನು ಹಿಗ್ಗಿಸಿಕೊಡುತ್ತವೆ. ಮನುಷ್ಯರ ಕಾಕ್ಲಿಯಾದಲ್ಲಿ ಒಮ್ಮೆ ಸತ್ತ ಹೇರ್ ಸೆಲ್ ಮತ್ತೆ ಹುಟ್ಟುವುದಿಲ್ಲ. ಹಕ್ಕಿಗಳಲ್ಲಿ ಹುಟ್ಟುತ್ತದೆ! 1980ರ ದಶಕದ ಕೊನೆಯಲ್ಲಿ ಇದು ಗೊತ್ತಾದಾಗ ಈ ಕ್ಷೇತ್ರದವರಿಗೆಲ್ಲ ದೊಡ್ಡ ಆಸೆ ಹುಟ್ಟಿತು.

ಕಣ್ಣಿನ ಡಾಕ್ಟರು ಬೆಳಕು ಬಿಟ್ಟು ರೆಟಿನಾ ನೋಡುತ್ತಾರೆ. ಲಿವರ್ ಆದರೆ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಕಾಕ್ಲಿಯಾದಿಂದ ಚೂರು ತೆಗೆಯಲು ಹೋದರೆ ಇರುವ ಕೇಳುವಿಕೆಯೂ ಹೋಗುತ್ತದೆ. ಎಂಆರ್‌ಐಗೆ ಹೇರ್ ಸೆಲ್ ಕಾಣುವುದಿಲ್ಲ, ಅಷ್ಟು ಸಣ್ಣದು. ಹಾಗಾಗಿ ನಾವು ಹೊರಗಿನಿಂದ ಬೀಪ್ ಕೇಳಿಸಿ, ಕೇಳಿತಾ ಇಲ್ಲವಾ ಅಂತ ಕೇಳಿ, ಒಳಗೆ ಏನಾಗಿರಬಹುದು ಅಂತ ಅಂದಾಜು ಮಾಡುತ್ತೇವೆ.

ಈ ಅಂದಾಜು ಎಷ್ಟು ತಪ್ಪಬಹುದು ಅಂತ 2009ರಲ್ಲಿ ವಿಜ್ಞಾನಿಗಳಾದ ಶರೋನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ ಇಲಿಗಳಲ್ಲಿ ತೋರಿಸಿದರು. ಜೋರು ಸದ್ದು ಕೇಳಿಸಿದ ಮೇಲೆ ಇಲಿಗಳ ಕಿವಿ ಪರೀಕ್ಷೆ ಎರಡು ವಾರಗಳೊಳಗೆ ಮೊದಲಿನಂತೆ ಸರಿಯಾಗಿ ಬಂತು. ಹೇರ್ ಸೆಲ್‌ಗಳೂ ಇದ್ದವು. ಆದರೆ ಹೇರ್ ಸೆಲ್‌ಗೂ ನರಕ್ಕೂ ನಡುವಿನ ಬೆಸುಗೆಗಳು ದೊಡ್ಡ ಸಂಖ್ಯೆಯಲ್ಲಿ ಶಾಶ್ವತವಾಗಿ ಹೋಗಿದ್ದವು. ಅಂದರೆ ರಿಪೋರ್ಟ್ ನಾರ್ಮಲ್, ಕಿವಿ ಮಾತ್ರ ನಾರ್ಮಲ್ ಅಲ್ಲ.

ಈಗ ಔಷಧಿಗಳ ವಿಷಯಕ್ಕೆ ಬರೋಣ. ಹೇರ್ ಸೆಲ್ ಮತ್ತೆ ಬೆಳೆಸಬೇಕು ಅಂತ ತಯಾರಾದ ಔಷಧಿಯೊಂದನ್ನು ಕಿವಿತಮಟೆಯ ಮೂಲಕ ಚುಚ್ಚಿ ಪ್ರಯೋಗ ಮಾಡಿದ್ದರು. ಶುರುವಿನಲ್ಲಿ ಆಸೆ ಹುಟ್ಟಿಸಿತ್ತು. 2023ರಲ್ಲಿ ದೊಡ್ಡ ಪ್ರಯೋಗದ ಫಲಿತಾಂಶ ಬಂದಾಗ, ಔಷಧಿ ಸಿಕ್ಕವರಿಗೂ ಬರೀ ದ್ರವ ಸಿಕ್ಕವರಿಗೂ ವ್ಯತ್ಯಾಸ ಕಾಣಲಿಲ್ಲ. ಔಷಧಿಯೇ ಕೆಲಸಕ್ಕೆ ಬಾರದ್ದಿರಬಹುದು. ಆದರೆ ನನಗೆ ಇನ್ನೊಂದು ಪ್ರಶ್ನೆ ಕಾಡುತ್ತದೆ. ಆ ಜನರಲ್ಲಿ ಯಾರಿಗೆ ಹೇರ್ ಸೆಲ್ ಹೋಗಿತ್ತು, ಯಾರಿಗೆ ನರ ಹೋಗಿತ್ತು? ಅದನ್ನು ಬೇರೆ ಮಾಡಿ ನೋಡಲು ದಾರಿಯೇ ಇರಲಿಲ್ಲ ಅಲ್ವಾ?

ಇದಕ್ಕೆ ಎದುರಾಗಿ ಗೆದ್ದ ಕಥೆ ನೋಡಿ. ಒಟೊಫರ್ಲಿನ್ ಅನ್ನುವ ಪ್ರೋಟೀನ್ ಇಲ್ಲದ ಮಕ್ಕಳು ಹುಟ್ಟಿನಿಂದಲೇ ಕಿವುಡರಾಗಿರುತ್ತಾರೆ. ಅವರ ಹೇರ್ ಸೆಲ್‌ಗಳು ಜೀವಂತ ಇರುತ್ತವೆ, ಸದ್ದನ್ನೂ ಹಿಡಿಯುತ್ತವೆ. ನರಕ್ಕೆ ದಾಟಿಸುವ ಕೊನೆಯ ಹೆಜ್ಜೆ ಮಾತ್ರ ಆಗುವುದಿಲ್ಲ. ಇದರ ಜೀನ್ ಅನ್ನು ಪ್ಯಾರಿಸ್‌ನಲ್ಲಿ ಕ್ರಿಸ್ಟೀನ್ ಪೆಟಿ ಅವರ ತಂಡ 1999ರಲ್ಲಿ ಗುರುತಿಸಿತು. ಸರಿಯಾದ ಜೀನ್ ಅನ್ನು ಕೋಶದೊಳಗೆ ಸೇರಿಸುವುದೇ ಚಿಕಿತ್ಸೆ. ಆದರೆ ಜೀನ್ ತುಂಬಾ ಉದ್ದ, ಅದನ್ನು ಹೊತ್ತು ಒಯ್ಯುವ ಒಂದು ವೈರಸ್‌ನೊಳಗೆ ಹಿಡಿಸುವುದಿಲ್ಲ. ಅದಕ್ಕೇ ಎರಡು ತುಂಡು ಮಾಡಿ ಎರಡು ವೈರಸ್‌ಗಳಲ್ಲಿ ಕಳಿಸಿದರು. 2024ರ ಜನವರಿಯಲ್ಲಿ ಶಾಂಘೈನ ವರದಿ ಬಂತು. ಚಿಕಿತ್ಸೆ ಪಡೆದ 6 ಮಕ್ಕಳಲ್ಲಿ 5 ಮಂದಿಗೆ ಕಿವಿ ಕೇಳಿಸತೊಡಗಿತ್ತು. ಓದಿದಾಗ ನನಗೆ ಕಣ್ಣು ತುಂಬಿ ಬಂತು.

ಒಟೊಫರ್ಲಿನ್ ತೊಂದರೆ ಅಪರೂಪದ್ದು. ಆದರೂ ಮೊದಲ ಗೆಲುವು ಸಿಕ್ಕಿದ್ದು ಅಲ್ಲೇ. ಏನು ಕೆಟ್ಟಿದೆ, ಏನು ಉಳಿದಿದೆ ಅನ್ನುವುದು ಅಲ್ಲಿ ಮೊದಲೇ ಗೊತ್ತಿತ್ತು.

ಸಿಸ್‌ಪ್ಲಾಟಿನ್ ವಿಷಯದಲ್ಲೂ ಹೀಗೇ ಆಯಿತು. ಮಕ್ಕಳ ಕ್ಯಾನ್ಸರ್‌ಗೆ ಕೊಡುವ ಈ ಔಷಧಿ ಹೇರ್ ಸೆಲ್‌ಗಳನ್ನು ಕೊಲ್ಲುತ್ತದೆ. ಹಾನಿ ಯಾವುದರಿಂದ, ಯಾವ ದಿನ ಆಗುತ್ತದೆ ಅಂತ ಮೊದಲೇ ಗೊತ್ತು. ಹಾಗಾಗಿ ಪರೀಕ್ಷೆ ಮಾಡುವುದು ಸಾಧ್ಯವಾಯಿತು. ಅದನ್ನು ಕೊಟ್ಟು ಆರು ಗಂಟೆ ಬಿಟ್ಟು ಸೋಡಿಯಂ ಥಯೋಸಲ್ಫೇಟ್ ಅನ್ನುವ ಇನ್ನೊಂದು ಔಷಧಿ ಕೊಟ್ಟರೆ ಕಿವಿ ಕೆಡುವ ಮಕ್ಕಳ ಪ್ರಮಾಣ ಶೇಕಡಾ 63ರಿಂದ 33ಕ್ಕೆ ಇಳಿಯಿತು ಅಂತ 2018ರಲ್ಲಿ ಪ್ರಕಟವಾಯಿತು. 2022ರಲ್ಲಿ ಔಷಧಿಗಳಿಗೆ ಅನುಮತಿ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ ಇದನ್ನು ಒಪ್ಪಿತು.

ಹಣ ಹಂಚುವವರಿಗೆ ಮಾತ್ರ 'ಗುಣಪಡಿಸುತ್ತೇವೆ' ಅನ್ನುವ ಅರ್ಜಿ ಬೇಗ ಹಿಡಿಸುತ್ತದೆ. 'ಅಳೆಯುವುದು ಹೇಗೆ ಅಂತ ಕಂಡುಹಿಡಿಯುತ್ತೇವೆ' ಅನ್ನುವ ಅರ್ಜಿ ಸಪ್ಪೆ ಅನಿಸುತ್ತದೆ. 1978ರಲ್ಲಿ ವಿಜ್ಞಾನಿ ಡೇವಿಡ್ ಕೆಂಪ್, ಕಿವಿಯೇ ಸಣ್ಣಗೆ ಸದ್ದು ಹೊರಡಿಸುತ್ತದೆ ಅಂತ ತೋರಿಸಿದರು. ಅದರಿಂದ ಏನು ಉಪಯೋಗ ಅಂತ ಆಗ ಯಾರು ಹೇಳಬಹುದಿತ್ತು? ಇವತ್ತು ಜಗತ್ತಿನ ಎಷ್ಟೋ ಕಡೆ ನವಜಾತ ಶಿಶುಗಳ ಕಿವಿ ಪರೀಕ್ಷೆ ನಡೆಯುವುದೇ ಆ ಸದ್ದನ್ನು ಹಿಡಿದು.

ಕಿವುಡುತನ ಜೀವ ತೆಗೆಯುವುದಿಲ್ಲ. ಹಾಗಾಗಿ ಹಣದ ಸಾಲಿನಲ್ಲಿ ಯಾವಾಗಲೂ ಹಿಂದೆ ನಿಲ್ಲಬೇಕಾಗುತ್ತದೆ. ಮೆಲ್ಬರ್ನ್‌ನಲ್ಲಿ ಡಾಕ್ಟರ್ ಗ್ರೇಮ್ ಕ್ಲಾರ್ಕ್, ಒಳಗಿವಿಯ ನರಕ್ಕೆ ನೇರವಾಗಿ ಸಂಕೇತ ಮುಟ್ಟಿಸುವ ಕಾಕ್ಲಿಯರ್ ಇಂಪ್ಲಾಂಟ್ ಮೇಲೆ ಕೆಲಸ ಮಾಡುವಾಗ ಹಣ ಸಾಲದೆ, 1970ರ ದಶಕದಲ್ಲಿ ಟಿವಿ ವಾಹಿನಿಯೊಂದರ ಟೆಲಿಥಾನ್ ಮೂಲಕ ಜನರಿಂದ ಸಂಗ್ರಹಿಸಬೇಕಾಯಿತು. ಅವರ ತಂದೆಗೇ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. 1978ರಲ್ಲಿ ತಮ್ಮ ಮೊದಲ ಇಂಪ್ಲಾಂಟ್ ಹಾಕಿದರು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಕಿವಿಯ ಆರೈಕೆ ಬೇಕಾದವರು ಈಗಲೇ 43 ಕೋಟಿಗೂ ಜಾಸ್ತಿ. 2050ರ ಹೊತ್ತಿಗೆ 70 ಕೋಟಿ ದಾಟುತ್ತಾರೆ. ಇಷ್ಟು ಜನರ ಕೆಲಸ ಯಾವಾಗಲೋ ಒಮ್ಮೆ ಸಿಗುವ ಚಂದಾ ಹಣದಲ್ಲಿ ನಡೆಯುವುದಿಲ್ಲ. ಹತ್ತು–ಹದಿನೈದು ವರ್ಷ ನಿಲ್ಲದೆ ಬರುವ ಹಣ ಬೇಕು. ಮೂರು ವರ್ಷಕ್ಕೆ ಅನುದಾನ ನಿಂತರೆ, ಒಳಗಿವಿಯನ್ನು ಬಿಡಿಸಿ ನೋಡುವ ಕೈಚಳಕ ಕಲಿತವರು ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾರೆ. ಮತ್ತೊಬ್ಬರನ್ನು ತಯಾರು ಮಾಡಲು ವರ್ಷಗಳೇ ಬೇಕು.

ನೀವು ಹಣ ಕೊಡುವವರಾದರೆ ಸುಮ್ನೆ ಚೆಕ್ ಬರೆದು ಕೊಡಬೇಡಿ, ಕೇಳಿ. ಯಾವ ಕೋಶದ ಮೇಲೆ ಕೆಲಸ? ಅದೇ ಕೆಟ್ಟಿದೆ ಅಂತ ಹೇಗೆ ತಿಳಿಯುತ್ತೀರಿ? ಫಲಿತಾಂಶ ಬಾರದಿದ್ದರೂ ಪ್ರಕಟಿಸುತ್ತೀರಾ? ಕೊನೆಯ ಪ್ರಶ್ನೆಗೆ ಬರವಣಿಗೆಯಲ್ಲೇ ಉತ್ತರ ಪಡೆಯಿರಿ.

ಹಣ ಇಲ್ಲದವರೂ ಕೊಡಬಹುದಾದದ್ದು ಒಂದಿದೆ. ಸತ್ತ ಮೇಲೆ ಒಳಗಿವಿ ಇರುವ ಮೂಳೆಯನ್ನು ದಾನ ಮಾಡಬಹುದು. ಬದುಕಿದ್ದಾಗಿನ ಆಡಿಯೋಗ್ರಾಂ ಜೊತೆಗಿದ್ದರೆ ಅದರ ಬೆಲೆ ಇನ್ನೂ ಜಾಸ್ತಿ. ರಿಪೋರ್ಟಿನಲ್ಲಿದ್ದದ್ದಕ್ಕೂ ಒಳಗೆ ಇದ್ದದ್ದಕ್ಕೂ ಹೋಲಿಸಿ ನೋಡಲು ಮನುಷ್ಯರಲ್ಲಿ ಇದಕ್ಕಿಂತ ನೇರವಾದ ದಾರಿ ಇಲ್ಲ. ಮೂಳೆಯನ್ನು ಸಾವಿನ ಕೆಲವೇ ಗಂಟೆಗಳಲ್ಲಿ ತೆಗೆಯಬೇಕು. ಮೆತ್ತಗೆ ಮಾಡಿ ಪದರ ಪದರವಾಗಿ ಕತ್ತರಿಸಿ ನೋಡಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಈ ನಿಧಾನದ ಕೆಲಸ ಮಾಡುವ ಪ್ರಯೋಗಾಲಯಗಳ ಸಂಬಳಕ್ಕೂ ಸಂಗ್ರಹಕ್ಕೂ ಯಾರಾದರೂ ಹಣ ಕೊಡುತ್ತೇನೆ ಅಂದರೆ, ನಾನು ಮೊದಲು ಅತ್ತ ಕೈ ತೋರಿಸುತ್ತೇನೆ.