ಕೆನೆತ್ ಪೊವೆಲ್ ನಂತರ ಯಾರು? ಕೋಲಾರ ಸೀಮೆಯ ಹಳೆಯ ಪ್ರಶ್ನೆ

ಕೋಲಾರದಲ್ಲಿ 1940ರಲ್ಲಿ ಹುಟ್ಟಿದ ಕೆನೆತ್ ಪೊವೆಲ್ 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ಪರ ನೂರು ಮೀಟರಿನಂಥ ವೇಗದ ಓಟಗಳಲ್ಲಿ ಓಡಿದರು. ಮರುವರ್ಷ ಅರ್ಜುನ ಪ್ರಶಸ್ತಿ ಬಂತು. 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ರಿಲೇ ಕಂಚು ಗೆದ್ದ ತಂಡದಲ್ಲೂ ಅವರಿದ್ದರು. 2022ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡ ಮೇಲೆ ‘ಇನ್ನೊಬ್ಬ ಪೊವೆಲ್ ಎಲ್ಲಿ’ ಎಂಬ ಪ್ರಶ್ನೆ ಮತ್ತೆ ಎದ್ದಿದೆ.

ಕಾಯುವುದು ಈ ಸೀಮೆಯವರ ಪಾಡು ಮಾತ್ರವಲ್ಲ. ಮಿಲ್ಖಾ ಸಿಂಗ್ 1960ರಲ್ಲಿ ರೋಮ್‌ನಲ್ಲಿ 400 ಮೀಟರ್ ಓಡಿದ 45.73 ಸೆಕೆಂಡನ್ನು ಇನ್ನೊಬ್ಬ ಭಾರತೀಯ ದಾಟಿದ್ದು 1998ರಲ್ಲಿ. ಪಿ.ಟಿ. ಉಷಾ 1984ರಲ್ಲಿ 400 ಮೀಟರ್ ಹರ್ಡಲ್ಸ್‌ನಲ್ಲಿ ಓಡಿದ 55.42 ಸೆಕೆಂಡನ್ನು ವಿತ್ಯಾ ರಾಮರಾಜ್ ಸರಿಗಟ್ಟಿದ್ದು 2023ರಲ್ಲಿ. ಇಷ್ಟು ವರ್ಷ ನಾವು ಹುಡುಕಿದ್ದು ಪ್ರತಿಭೆಯನ್ನು. ಪೊವೆಲ್ ಹೇಗೆ ಪೊವೆಲ್ ಆದರು ಎಂದು ಕೇಳಿದವರು ಕಡಿಮೆ.

ಅವರು ಬೆಂಗಳೂರಿಗೆ ಹೋಗಿ ಟೆಲಿಫೋನ್ ತಯಾರಿಸುವ ಐಟಿಐ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದವರು. ನನ್ನ ಪ್ರಕಾರ ಇಡೀ ಕಥೆಯ ಕೀಲು ಇರುವುದು ಇಲ್ಲಿ. ಆ ಕಾಲದಲ್ಲಿ ಐಟಿಐ, ಎಚ್‌ಎಎಲ್, ಬಿಇಎಲ್‌ನಂಥ ಸರ್ಕಾರಿ ಕಾರ್ಖಾನೆಗಳು ಆಟಗಾರರನ್ನು ಕೆಲಸಕ್ಕೆ ಸೇರಿಸಿಕೊಳ್ಳುತ್ತಿದ್ದವು. ತಿಂಗಳಿಗೆ ಸಂಬಳ, ಕ್ಯಾಂಟೀನ್ ಊಟ, ಮೀಟ್‌ಗೆ ಹೋದರೆ ರಜೆ ಕಳೆಯದ ಹಾಜರಿ, ಓಟ ನಿಂತ ಮೇಲೂ ಉಳಿಯುವ ನೌಕರಿ. ಮನೆಯವರು ಮಗನನ್ನು ಮೈದಾನಕ್ಕೆ ಬಿಡಲು ಇಷ್ಟು ಸಾಕಿತ್ತು. ಕೆಜಿಎಫ್‌ನಲ್ಲಿ ಗಣಿ ಕಂಪನಿಯ ಆಸರೆಯಲ್ಲಿ ಕ್ಲಬ್ಬು, ಜಿಮ್ಖಾನಾ ಬೆಳೆದವು. ಪಕ್ಕದಲ್ಲೇ ಭಾರಿ ಯಂತ್ರಗಳ ಕಾರ್ಖಾನೆ ಬಿಇಎಂಎಲ್ ಬಂತು. ತುಮಕೂರಿಗೆ 1978ರಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಬಂತು.

ಆಮೇಲೆ ಒಂದೊಂದೇ ಬಾಗಿಲು ಮುಚ್ಚಿತು. ಆಳಕ್ಕಿಳಿದಷ್ಟೂ ಖರ್ಚು ಏರಿ, ಚಿನ್ನ ಕಡಿಮೆಯಾಗಿ, 2001ರ ಫೆಬ್ರುವರಿ 28ರಂದು ಗಣಿ ನಿಂತಿತು. ಕ್ವಾರ್ಟ್ಜ್ ಗಡಿಯಾರಗಳ ಪೈಪೋಟಿಯಲ್ಲಿ ಸೋತ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿತು. ಲೆಕ್ಕದ ಪುಸ್ತಕ ನೋಡಿದರೆ ಎರಡಕ್ಕೂ ಕಾರಣವಿದೆ. ಆದರೆ ಓಡುವ ಹುಡುಗರಿಗೆ ಅನ್ನ ಕೊಡುತ್ತಿದ್ದ ಕೈಯೂ ಜೊತೆಗೆ ಹೋಯಿತೆಂಬುದು ಯಾವ ಲೆಕ್ಕಕ್ಕೂ ಬರಲಿಲ್ಲ.

ಈಗ ಬೆಳಗಿನ ಜಾವ ಜಿಲ್ಲಾ ಕ್ರೀಡಾಂಗಣಗಳಿಗೆ ಹೋಗಿ ನೋಡಿ. ಹುಡುಗರು ಓಡುತ್ತಲೇ ಇದ್ದಾರೆ, ಬೆವರಿಗೆ ಬರವಿಲ್ಲ. ಆದರೆ ಅವರಲ್ಲಿ ಹೆಚ್ಚಿನವರು ಓಡುವುದು 1600 ಮೀಟರ್, ಅಂದರೆ ಟ್ರ್ಯಾಕಿನ ನಾಲ್ಕು ಸುತ್ತು. ಪೊಲೀಸ್ ಕಾನ್‌ಸ್ಟೆಬಲ್ ಆಗಲು ಅದನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಸೇನೆಯ ಭರ್ತಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ದೂರದ ಓಟ. ನೌಕರಿ ಇರುವುದು ನಾಲ್ಕು ಸುತ್ತಿನಲ್ಲಿ. ನೂರು ಮೀಟರ್ ಓಡಿದವನಿಗೆ ಯಾರು ಕೆಲಸ ಕೊಡುತ್ತಾರೆ? ಸಹಜ ವೇಗದ ಹುಡುಗ ಪಿಯುಸಿ ಹೊತ್ತಿಗೆ ವೇಗ ಬಿಟ್ಟು ದಮ್ಮು ಕಟ್ಟಲು ಕಲಿಯುತ್ತಾನೆ. ಇದನ್ನು ಕಂಡಾಗಲೆಲ್ಲ ಸಂಕಟವಾಗುತ್ತದೆ.

ದೇಶದಲ್ಲಿ ವೇಗದ ಓಟ ಸತ್ತಿಲ್ಲ. 2023ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಮಣಿಕಂಠ ಹೋಬಳಿದಾರ್ ನೂರು ಮೀಟರನ್ನು 10.23 ಸೆಕೆಂಡಿನಲ್ಲಿ ಓಡಿ ರಾಷ್ಟ್ರೀಯ ದಾಖಲೆ ಬರೆದಾಗ ಅವರು ಪ್ರತಿನಿಧಿಸಿದ್ದು ಸೇನಾಪಡೆಗಳ ಸರ್ವೀಸಸ್ ತಂಡವನ್ನು. 2025ರ ಜುಲೈನಲ್ಲಿ 10.18 ಓಡಿದ ಅನಿಮೇಶ್ ಕುಜೂರ್ ಪಳಗಿದ್ದು ಭುವನೇಶ್ವರದಲ್ಲಿ, ಒಡಿಶಾ ಸರ್ಕಾರವೂ ರಿಲಯನ್ಸ್ ಸಂಸ್ಥೆಯೂ ಸೇರಿ ನಡೆಸುವ ಕೇಂದ್ರದಲ್ಲಿ. ಇಬ್ಬರ ಹಿಂದೆಯೂ ಅವರನ್ನು ಸಾಕುವ ಒಂದು ಸಂಸ್ಥೆಯಿದೆ.

ಕೋಲಾರದ ನರಸಾಪುರ, ತುಮಕೂರಿನ ವಸಂತನರಸಾಪುರಗಳಲ್ಲಿ ಈಗ ಹಿಂದೆಂದೂ ಇಲ್ಲದಷ್ಟು ಕಾರ್ಖಾನೆಗಳಿವೆ. ಶಿಫ್ಟ್ ಬಸ್ಸುಗಳು ಊರೂರಿಂದ ಹತ್ತೊಂಬತ್ತು ಇಪ್ಪತ್ತರ ಪ್ರಾಯದವರನ್ನು ತುಂಬಿಕೊಂಡು ಹೋಗುತ್ತವೆ. ಆ ಬಸ್ಸಿನಲ್ಲಿ ಕೂತವರನ್ನು ನೂರು ಮೀಟರ್ ಎಷ್ಟು ಸೆಕೆಂಡಿನಲ್ಲಿ ಓಡುತ್ತೀರಿ ಎಂದು ಕೇಳಿ ಕೆಲಸಕ್ಕೆ ಸೇರಿಸಿಕೊಂಡದ್ದನ್ನು ನಾನಿನ್ನೂ ಕಂಡಿಲ್ಲ.