ಸಾಫ್ಟ್‌ವೇರ್ ಬಂದರೂ ಮುನೀಮರ ಪುಸ್ತಕ ಯಾಕೆ ಹೋಗಲಿಲ್ಲ?

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮದು ತೊಗರಿ ಬೇಳೆ ಮಿಲ್. 60 ಜನ ಕೆಲಸಕ್ಕಿದ್ದಾರೆ. ಹಾಜರಿ, ಪಗಾರ, ಸೂಟಿ ಒಂದೇ ಕಡೆ ಇರಲಿ ಅಂತ ಎಚ್‌ಆರ್ ಸಾಫ್ಟ್‌ವೇರ್ ಹಾಕಿಸಿದೆವು. ಆರು ತಿಂಗಳಾದರೂ ಮುನೀಮರು ಹಾಜರಿ ಪುಸ್ತಕ ಬಿಟ್ಟಿಲ್ಲ. ಬೇರೆ ಸಾಫ್ಟ್‌ವೇರ್ ತಗೊಳ್ಳಬೇಕಾ?

ಉತ್ತರ: ಸದ್ಯಕ್ಕೆ ಬೇಡ. ಪುಸ್ತಕ ಯಾಕೆ ಬಿಟ್ಟಿಲ್ಲ ಅಂತ ಮುನೀಮರನ್ನೇ ಕೇಳಿ. ಅದು ಬರೀ ಹಟ ಅಂತ ನನಗೆ ಅನ್ನಿಸುವುದಿಲ್ಲ.

ನಾನು ಪಗಾರದ ಲೆಕ್ಕ ನೋಡುತ್ತಿದ್ದ ಕಡೆ ರಾತ್ರಿ 10ಕ್ಕೆ ಬಂದು ಬೆಳಿಗ್ಗೆ 6ಕ್ಕೆ ಹೋದವರಿಗೆ ಕಂಪ್ಯೂಟರ್ ಗೈರುಹಾಜರಿ ಹಾಕುತ್ತಿತ್ತು. ನಡುರಾತ್ರಿ ತಾರೀಕು ಬದಲಾಗುತ್ತದೆ, ಅಲ್ವಾ? ಒಂದು ದಿನ ಬಂದದ್ದಷ್ಟೇ ಇದೆ, ಮರುದಿನ ಹೋದದ್ದಷ್ಟೇ. ರಾತ್ರಿ ಪಾಳಿ ಅಂತ ಒಂದಿದೆ ಎಂದು ಅದರಲ್ಲಿ ಯಾರೂ ತುಂಬಿರಲಿಲ್ಲ. ಒಂದೇ ಸಲ ಪಗಾರ ಕಡಿಮೆ ಬಂತು ನೋಡಿ, ಆಮೇಲೆ ಜನ ಅದನ್ನು ನಂಬಲೇ ಇಲ್ಲ. ಚೀಲ ಹೊತ್ತು ಬೆರಳು ಸವೆದ ಹಮಾಲರ ಹೆಬ್ಬೆಟ್ಟನ್ನು ಮಷಿನ್ ಹಿಡಿಯುವುದೂ ಕಷ್ಟ. ಮುಖ ಗುರುತಿಸುವ ಮಷಿನ್ ಇಟ್ಟು ನೋಡಿ.

ಇನ್ನು ಹೆಸರಿನ ಪಜೀತಿ. ಶಾಲೆಯಲ್ಲಿ ಶರಣಬಸಪ್ಪ, ಆಧಾರ್‌ನಲ್ಲಿ ಶರಣಪ್ಪ, ಮಿಲ್‌ನಲ್ಲಿ ಶರಣು. ಹುಟ್ಟಿದ ದಿನ? ಮಾಸ್ತರರು ಸುಮ್ನೆ ಬರೆದುಕೊಂಡ ಜೂನ್ 1! 20 ಅಥವಾ ಅದಕ್ಕಿಂತ ಜಾಸ್ತಿ ಜನರಿದ್ದರೆ ಪಿಎಫ್ ಅನ್ವಯಿಸುತ್ತದೆ, ನಿಮ್ಮಲ್ಲಿ 60 ಇದ್ದಾರೆ. 2014ರಲ್ಲಿ ಬಂದ ಯುಎಎನ್, ಅಂದರೆ ಒಬ್ಬೊಬ್ಬರಿಗೂ ಇರುವ ಪಿಎಫ್ ನಂಬರಿನಲ್ಲಿರುವ ಹೆಸರು, ತಾರೀಕು ಆಧಾರ್‌ಗೆ ತಾಳೆಯಾಗದಿದ್ದರೆ ಪಿಎಫ್ ದುಡ್ಡು ತೆಗೆಯುವ ಹೊತ್ತಿಗೆ ಅರ್ಜಿ ವಾಪಸ್ ಬರಬಹುದು. ಒಬ್ಬೊಬ್ಬರನ್ನೇ ಕೂರಿಸಿ, ಆಧಾರ್ ಕೈಯಲ್ಲಿ ಹಿಡಿದು ತುಂಬಿ. ಬೇಸರದ ಕೆಲಸ. ಆದರೆ ಇದನ್ನು ಬಿಟ್ಟು ಯಾವ ಸಾಫ್ಟ್‌ವೇರ್ ಬದಲಿಸಿದರೂ ಕಸ ಅದೇ.

ಇಂಥ ವ್ಯವಸ್ಥೆಗಳು ಗೆಲ್ಲುವುದು ಯಾವುದರಿಂದ ಅಂತ ಡಿಲೋನ್, ಮೆಕ್ಲೀನ್ ಎಂಬ ಇಬ್ಬರು ಸಂಶೋಧಕರು 1992ರಲ್ಲಿ ಒಂದು ಮಾದರಿ ಕೊಟ್ಟರು. ಸಾಫ್ಟ್‌ವೇರ್ ಚೆನ್ನಾಗಿರಬೇಕು, ಅದರಲ್ಲಿನ ಮಾಹಿತಿಯೂ ಸರಿ ಇರಬೇಕು ಅಂದರು. 2003ರಲ್ಲಿ ಅದಕ್ಕೆ ಸೇವೆಯನ್ನೂ ಸೇರಿಸಿದರು. ಅಂದರೆ ಕೆಟ್ಟು ನಿಂತಾಗ ಫೋನ್ ಎತ್ತುವವರು ಬೇಕು. ಪಗಾರದ ಹಿಂದಿನ ದಿನ ಒಮ್ಮೆ ಫೋನ್ ಮಾಡಿ ನೋಡಿ, ನಿಮಗೇ ಗೊತ್ತಾಗುತ್ತದೆ.

ಕೆಲಸದವರಿಗೆ ಇದರಿಂದ ಏನು ಸಿಕ್ಕಿತು? ಮೊಬೈಲಿಗೆ ಕನ್ನಡದಲ್ಲಿ ಪಗಾರದ ಚೀಟಿ, ಎಷ್ಟು ಸೂಟಿ ಉಳಿದಿದೆ ಅನ್ನುವ ಲೆಕ್ಕ ಬಂದರೆ ತಪ್ಪನ್ನು ಅವರೇ ಹಿಡಿದುಕೊಡುತ್ತಾರೆ.

ಎರಡು ತಿಂಗಳು ಪುಸ್ತಕ, ಕಂಪ್ಯೂಟರ್ ಎರಡೂ ನಡೆಯಲಿ. ತಿಂಗಳ ಕೊನೆಗೆ ಮುನೀಮರೇ ತಾಳೆ ನೋಡಲಿ. ಎರಡೂ ಸರಿಹೋಗುವ ತನಕ ಪಗಾರ ಮಾತ್ರ ಪುಸ್ತಕ ನೋಡಿಯೇ ಕೊಡಿ.