ಎಸ್‌ಕ್ಯೂಎಲ್‌ಫ್ಲಫ್: ಕಾಮಾ ಎಲ್ಲಿರಬೇಕು, ದೊಡ್ಡಕ್ಷರ ಎಲ್ಲಿ ಬೇಡ

ಡೇಟಾಬೇಸಿನಿಂದ ಮಾಹಿತಿ ಕೇಳಲು ಎಸ್‌ಕ್ಯೂಎಲ್ ಭಾಷೆಯಲ್ಲಿ ಬರೆಯುವ ಕ್ವೆರಿಗಳನ್ನು ತಾನೇ ನೀಟಾಗಿ ಜೋಡಿಸಿಕೊಡುವ ಉಚಿತ ಟೂಲ್ ಎಸ್‌ಕ್ಯೂಎಲ್‌ಫ್ಲಫ್. ನಮಗೆ ಬೇಕಾದ ಸ್ಟೈಲನ್ನು ಪ್ರಾಜೆಕ್ಟ್ ಫೋಲ್ಡರಿನಲ್ಲಿ 'ಡಾಟ್ ಎಸ್‌ಕ್ಯೂಎಲ್‌ಫ್ಲಫ್' ಅನ್ನುವ ಫೈಲಿನಲ್ಲಿ ಬರೆದಿಟ್ಟರೆ ಸಾಕು, ಟೀಮಿನವರೆಲ್ಲರಿಗೂ ಅದೇ ಲೆಕ್ಕ. ಕಲಿಯುವಾಗ ಒಂದು ಪ್ರಶ್ನೆ ಕೈಯಲ್ಲಿರಲಿ: ಈ ಸೆಟ್ಟಿಂಗ್ ಬರೀ ನೋಟ ಬದಲಿಸುತ್ತದೆಯೋ, ಕ್ವೆರಿಯ ಕೆಲಸವನ್ನೂ ಮುಟ್ಟುತ್ತದೆಯೋ?

ಮೊದಲು ಡಯಲೆಕ್ಟ್, ಅಂದರೆ ನಿಮ್ಮ ಡೇಟಾಬೇಸಿನ ಎಸ್‌ಕ್ಯೂಎಲ್ ಶೈಲಿ ಯಾವುದು ಅಂತ ಬರೆಯಿರಿ: ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಬಿಗ್‌ಕ್ವೆರಿ, ಯಾವುದು ನಿಮ್ಮದೋ ಅದು. ಇದಿಲ್ಲದೆ ಟೂಲ್ ಕೆಲಸವನ್ನೇ ಶುರು ಮಾಡುವುದಿಲ್ಲ. ಸಾಲಿನ ಉದ್ದದ ಮಿತಿ ಮೊದಲೇ 80 ಅಕ್ಷರ ಇರುತ್ತದೆ. ನಾನು 100 ಇಟ್ಟುಕೊಂಡಿದ್ದೇನೆ.

ಇನ್ನು ಕಾಮಾ. ಇದನ್ನು ನೋಡಿ:

ಸೆಲೆಕ್ಟ್
    ಹೆಸರು,
    ಊರು
ಫ್ರಮ್ ಗ್ರಾಹಕರು

ಕೊನೆಗೆ 'ಫೋನ್' ಸೇರಿಸಬೇಕು ಅಂದುಕೊಳ್ಳಿ. 'ಊರು' ಆದ ಮೇಲೆ ಕಾಮಾ ಹಾಕಲೇಬೇಕು. ಸೇರಿಸಿದ್ದು ಒಂದೇ ಕಾಲಮ್, ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಟೂಲಿನ ಡಿಫ್‌ನಲ್ಲಿ ಬದಲಾದದ್ದು ಎರಡು ಸಾಲು. ಕಾಮಾ ಸಾಲಿನ ಶುರುವಿನಲ್ಲಿದ್ದರೆ:

    ಹೆಸರು
    , ಊರು
    , ಫೋನ್

ಈಗ ಹೊಸ ಸಾಲು ಒಂದೇ. ಮೊದಲನೇ ಕಾಲಮ್ ಬದಲಿಸುವಾಗ ತೊಂದರೆ ಇದ್ದೇ ಇದೆ, ಆದರೆ ನಾವು ಜಾಸ್ತಿ ಸೇರಿಸುವುದು ಕೊನೆಯಲ್ಲೇ ಅಲ್ವಾ? ಅದಕ್ಕೇ ನನ್ನ ಆಯ್ಕೆ ಇದು. ಫೈಲಿನ ಲೇಔಟ್ ಭಾಗದಲ್ಲಿ ಕಾಮಾದ 'ಲೈನ್ ಪೊಸಿಷನ್' ಅನ್ನು 'ಲೀಡಿಂಗ್' ಮಾಡಿ. ಬಿಗ್‌ಕ್ವೆರಿಯಲ್ಲಿ ಕೊನೆಯ ಕಾಲಮ್ ಆದ ಮೇಲೂ ಕಾಮಾ ಇಡಬಹುದು, ಹಾಗಾಗಿ ಈ ಸಮಸ್ಯೆಯೇ ಇಲ್ಲ. ಆದರೆ ಕೊನೆಯ ಕಾಮಾ ನೋಡುವ ಎಸ್‌ಕ್ಯೂಎಲ್‌ಫ್ಲಫ್‌ನ ಸಿವಿ03 ನಿಯಮ ಸುಮ್ನೆ ಬಿಡುವುದಿಲ್ಲ, ಆ ಕಾಮಾವನ್ನು ತೆಗೆದುಬಿಡುತ್ತದೆ. ಉಳಿಸಿಕೊಳ್ಳಬೇಕಾದರೆ ಅಲ್ಲಿ 'ರಿಕ್ವೈರ್' ಅಂತ ಕೊಡಿ.

ದೊಡ್ಡಕ್ಷರದ ವಿಷಯದಲ್ಲಿ ಹುಷಾರು. ಸಿಪಿ01 ನಿಯಮ ನೋಡುವುದು ಸೆಲೆಕ್ಟ್, ವೇರ್ ಥರದ ಕೀವರ್ಡ್‌ಗಳನ್ನು. ಏನೂ ಹೇಳದಿದ್ದರೆ ಫೈಲಿನಲ್ಲಿ ಮೊದಲು ಸಿಕ್ಕ ರೂಪವನ್ನೇ ಹಿಡಿದು ಹೋಗುತ್ತದೆ. ಹಾಗಾಗಿ 'ಅಪ್ಪರ್' ಅಂತ ಬರೆದುಬಿಡಿ, ಇದರಿಂದ ಏನೂ ಕೆಡುವುದಿಲ್ಲ. ಸಿಪಿ02 ಹಾಗಲ್ಲ, ಅದು ಟೇಬಲ್, ಕಾಲಮ್ ಹೆಸರುಗಳಿಗೇ ಕೈ ಹಾಕುತ್ತದೆ. ಲಿನಕ್ಸ್ ಮೇಲಿನ ಮೈಎಸ್‌ಕ್ಯೂಎಲ್‌ನಲ್ಲಿ ಸಾಮಾನ್ಯವಾಗಿ ದೊಡ್ಡ 'ಒ' ಇರುವ ಆರ್ಡರ್ಸ್ ಬೇರೆ ಟೇಬಲ್, ಚಿಕ್ಕದಿರುವುದು ಬೇರೆ. ನಿನ್ನೆ ಓಡುತ್ತಿದ್ದ ಕ್ವೆರಿ ಇವತ್ತು ಟೇಬಲ್ಲೇ ಇಲ್ಲ ಅನ್ನಬಹುದು. ನಾನು ಸಿಪಿ02 ಅನ್ನು 'ಎಕ್ಸ್‌ಕ್ಲೂಡ್ ರೂಲ್ಸ್' ಸಾಲಿಗೆ ಸೇರಿಸಿಬಿಟ್ಟಿದ್ದೇನೆ. ನೀವೂ ಸೇರಿಸಿ.

ಹಳೇ ಪ್ರಾಜೆಕ್ಟಿಗೆ ಹಾಕುವಾಗ ಮೊದಲು 'ಲಿಂಟ್' ಓಡಿಸಿ. ಅದು ತಪ್ಪುಗಳನ್ನು ತೋರಿಸುತ್ತದೆ ಅಷ್ಟೇ, ಫೈಲ್ ಮುಟ್ಟುವುದಿಲ್ಲ. ಆಮೇಲೆ ಅವನ್ನು ಸರಿಪಡಿಸುವ 'ಫಿಕ್ಸ್'. ಆ ಬದಲಾವಣೆಯನ್ನು ಬೇರೆ ಕೆಲಸದ ಜೊತೆ ಸೇರಿಸದೆ ಪ್ರತ್ಯೇಕ ಕಮಿಟ್ ಮಾಡಿ, ಅದರ ಹ್ಯಾಶ್ ಅನ್ನು, ಅಂದರೆ ಗುರುತಿನ ಕೋಡನ್ನು, ಒಂದು ಫೈಲಿನಲ್ಲಿ ಬರೆದಿಡಿ. ಗಿಟ್ 2.23ರಿಂದ ಈಚೆಗೆ 'ಬ್ಲೇಮ್' ಕಮಾಂಡಿಗೆ ಆ ಫೈಲ್ ತೋರಿಸಿದರೆ ಫಾರ್ಮ್ಯಾಟಿಂಗ್ ಕಮಿಟ್ಟನ್ನು ದಾಟಿ ಹಿಂದಕ್ಕೆ ಹೋಗಿ, ಸಾಲನ್ನು ನಿಜವಾಗಿ ಬರೆದವರನ್ನು ಹುಡುಕುತ್ತದೆ.